ಪದಗಳ ಕೆಳಗಿನ ಚುಕ್ಕೆಗಳು

ಕೆ.ಆರ್. ಪುರ
ಭಾನುವಾರ, 12 ಜನವರಿ 2025

ಅಣ್ಣಾ,

ಇವತ್ತು ಬೆಳಿಗ್ಗೆ ಅವ್ವ ವಾರವಾರ ಬಸ್ಸಿಗೆ ಹಾಕುವ ಚೀಲ ಬಿಚ್ಚಿದಾಗ ರೊಟ್ಟಿಗಳ ನಡುವೆ ನೀನು ಇಟ್ಟಿದ್ದ ಕರಪತ್ರ ಸಿಕ್ಕಿತು. ರಾಯಚೂರಿನ ಯಾವುದೋ ತರಬೇತಿ ಕೇಂದ್ರದ್ದು. ಕಂಪ್ಯೂಟರ್ ಕೆಲಸದ ನಾಲ್ಕು ಸರ್ಟಿಫಿಕೇಟುಗಳ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ವಿವರ. ಪ್ರತಿ ಪದದ ಕೆಳಗೂ ಪೆನ್ಸಿಲಿನ ಸಣ್ಣ ಚುಕ್ಕೆ. ಉದ್ದನೆಯ ಪದಗಳ ಕೆಳಗೆ ಮೂರು, ನಾಲ್ಕು. ನೀನು ಒಂದೊಂದೇ ತುಂಡನ್ನು ಬಾಯಲ್ಲಿ ಹೇಳಿಕೊಂಡು ಪೆನ್ಸಿಲ್ ಊರಿದ ಗುರುತು. ನನಗೆ ಓದು ಕಲಿಸುವಾಗಲೂ ಹೀಗೇ ಚುಕ್ಕೆ ಇಡುತ್ತಿದ್ದೆ.

ಹಿಂಬದಿಯಲ್ಲಿ ನೀನು ಬರೆದದ್ದು ಒಂದೇ ಸಾಲು: ‘ಇವುಗಳಲ್ಲಿ ಯಾವುದು ಒಳ್ಳೆಯದು? ಫೋನಿನಲ್ಲಿ ಬೇಡ, ಕಾಗದದಲ್ಲಿ ಹೇಳು.’ ಫೋನ್ ಯಾಕೆ ಬೇಡ ಅಂತ ಅರ್ಥವಾಯಿತು. ಅವ್ವ ಸ್ಪೀಕರ್ ಹಾಕುತ್ತಾಳೆ, ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಈ ಪತ್ರವನ್ನು ತೊಳೆದ ಚೀಲದಲ್ಲಿ ಹಾಕಿ, ಸಂಜೆ ಮೆಜೆಸ್ಟಿಕ್ಕಿಗೆ ಹೋಗಿ ನಮ್ಮೂರ ಬಸ್ಸಿನ ಡ್ರೈವರ್ ಖಾದರ್ ಅಣ್ಣನ ಕೈಗೆ ಕೊಡುತ್ತೇನೆ. ಬೆಳಿಗ್ಗೆ ಚೀಲ ಇಳಿಸುವಾಗ ಅವನು, ‘ಏನವಾ ತಂಗಿ, ನಿಮ್ಮವ್ವ ರೊಟ್ಟಿ ಕಳಿಸ್ಯಾಳೋ ಹಂಚು ಕಳಿಸ್ಯಾಳೋ? ಈ ಪರಿ ಭಾರ!’ ಅಂದ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನನಗೆ ಈ ವಿಷಯಗಳು ಗೊತ್ತಿಲ್ಲ. ಇಂದಿರಾನಗರದ ನಮ್ಮ ಪರೀಕ್ಷಾ ಕೇಂದ್ರಕ್ಕೆ ಇವುಗಳನ್ನು ಬರೆಯಲು ಬರುವವರು ಗೊತ್ತು. ಒಳಗೆ ಕಾಗದ ಒಯ್ಯುವಂತಿಲ್ಲವಾದ್ದರಿಂದ ಎಲ್ಲರಿಗೂ ಸ್ಲೇಟಿನಂಥ ಒಂದು ಪ್ಲಾಸ್ಟಿಕ್ ಬೋರ್ಡು, ಒಂದು ಮಾರ್ಕರ್ ಪೆನ್ನು ಕೊಡುತ್ತಾರೆ. ಅವರು ಬಿಟ್ಟುಹೋದ ಬೋರ್ಡು ನೋಡಿದರೆ ಯಾವ ಪರೀಕ್ಷೆ ಅಂತ ನಾನು ಹೇಳಬಲ್ಲೆ.

ಮೊದಲನೆಯದು ‘ಎ ಪ್ಲಸ್’. ಕಂಪ್ಯೂಟರ್ ಬಿಚ್ಚುವುದು, ಜೋಡಿಸುವುದು, ಕೆಟ್ಟರೆ ಸರಿಮಾಡುವುದು. ಇದಕ್ಕೆ ಎರಡು ಪರೀಕ್ಷೆ ಬರೆಯಬೇಕು. ನಮ್ಮಲ್ಲಿಗೆ ಇದಕ್ಕೆ ಬರುವವರು ಕಡಿಮೆ.

ಎರಡನೆಯದು ಕ್ಲೌಡ್, ದೂರದ ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನಲ್ಲೇ ನಡೆಸುವುದಂತೆ. ಅದರ ಆರಂಭದ ಪರೀಕ್ಷೆಗೆ ಬರುವವರೇ ಹೆಚ್ಚು. ಕೆಲವು ವಾರ ಓದಿದರೆ ಸಾಕು ಅನ್ನುತ್ತಾರೆ. ಸಮಯ ಮುಗಿಯುವ ಮೊದಲೇ ಎದ್ದು ಬರುತ್ತಾರೆ, ಬೋರ್ಡು ಹೆಚ್ಚುಕಡಿಮೆ ಖಾಲಿ. ಒಬ್ಬ ಅದರ ಮೇಲೆ ದಾಸವಾಳ ಬಿಡಿಸಿಟ್ಟು ಹೋಗಿದ್ದ. ಕೇಂದ್ರ ನೋಡಿಕೊಳ್ಳುವ ಸುಕನ್ಯ ಮೇಡಂ ಹೇಳುವುದು, ‘ಅದೊಂದೇ ಇಟ್ಕೊಂಡ್ರೆ ಯಾರೂ ಕರೆದು ಕೆಲ್ಸ ಕೊಡಲ್ಲಮ್ಮ, ಶುರು ಅಷ್ಟೆ.’

ಮೂರನೆಯದು ಸೆಕ್ಯುರಿಟಿ, ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ಕಾಯುವುದು. ಅದನ್ನು ಬರೆಯುವವರ ಬೋರ್ಡಿನ ತುಂಬ ಪದಗಳು, ಬಾಣದ ಗುರುತುಗಳು. ಅದಕ್ಕೆ ಮೊದಲು ನೆಟ್‌ವರ್ಕ್ ಚೆನ್ನಾಗಿ ಗೊತ್ತಿರಬೇಕಂತೆ.

ಕೊನೆಯದು ನೆಟ್‌ವರ್ಕಿನದು, ಎಲ್ಲರೂ ಸಿಸಿಎನ್ಎ ಅನ್ನುವುದು. ಇದನ್ನು ಬರೆಯುವವರು ಕೂತ ಕೂಡಲೇ ಬೋರ್ಡಿನ ಮೇಲ್ತುದಿಯಲ್ಲಿ 128, 64, 32 ಅಂತ ಒಂದರವರೆಗೆ ಸಾಲಾಗಿ ಬರೆದುಕೊಳ್ಳುತ್ತಾರೆ. ಎರಡು ಗಂಟೆಯೂ ಏಳುವುದಿಲ್ಲ. ಹೊರಗೆ ಬಂದು ಮೊದಲು ನೀರು ಕುಡಿಯುತ್ತಾರೆ. ಪಾಸಾದರೆ ಮೂರು ವರ್ಷ ನಡೆಯುತ್ತದೆ, ಆಮೇಲೆ ಹೊಸದು ಮಾಡಿಸಿಕೊಳ್ಳಬೇಕು. ನಾಲ್ಕರಲ್ಲಿ ಕಷ್ಟದ್ದು ಇದೇ ಇರಬೇಕು ಅನ್ನಿಸುತ್ತದೆ.

ಇದೆಲ್ಲ ಯಾರಿಗೆ, ನಿನಗೇನಾ?

ಕಾವೇರಿ

*

ಲಿಂಗಸುಗೂರು
ಶನಿವಾರ, 18 ಜನವರಿ 2025

ಕಾವೇರಿ,

ನನಗೇ. ಇನ್ನು ಯಾರಿಗೆ?

ನಿನಗೆ ಗೊತ್ತಿರುವ ಹಾಗೆ ಇಪ್ಪತ್ತೆರಡು ಪಂಚಾಯಿತಿಗಳ ಇಂಟರ್ನೆಟ್ ಲೈನು ನೋಡಿಕೊಳ್ಳುವವನು ನಾನೊಬ್ಬನೇ. ಆರು ವರ್ಷವಾಯಿತು. ಈಗ ಗುತ್ತಿಗೆ ಬೇರೆ ಕಂಪನಿಗೆ ಹೋಗಿದೆ. ಅವರ ಮನುಷ್ಯ ಬಂದು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದು ಇಷ್ಟು: ಮಾರ್ಚ್ 31ರೊಳಗೆ ಸರ್ಟಿಫಿಕೇಟ್ ತಂದವರು ಟೆಕ್ನಿಷಿಯನ್ ಆಗಿ ಮುಂದುವರಿಯುತ್ತಾರೆ. ಉಳಿದವರು ಬೇಕಾದರೆ ಗುಂಡಿ ತೋಡಿ ಕೇಬಲ್ ಹಾಸುವ ಗ್ಯಾಂಗಿಗೆ ಸೇರಬಹುದು. ‘ಆರು ವರ್ಷ ಮಾಡೀನ್ರಿ’ ಅಂದೆ. ‘ಕಾಗದ ತೋರ್ಸಪ್ಪಾ’ ಅಂದ.

ನಿನ್ನ ಪತ್ರ ಮೂರು ಸಲ ಓದಿದೆ. ಕ್ಲೌಡ್ ಸುಲಭ ಸರಿ, ಆದರೆ ನನ್ನ ಕೈಗೆ ಸಿಗುವುದು ವಯರು. ಮೋಡ ಹಿಡಿದುಕೊಂಡು ಕಂಬ ಹತ್ತಲು ಬರುತ್ತದೇನು? ಕಷ್ಟವಾದರೂ ನೆಟ್‌ವರ್ಕಿನದನ್ನೇ ಬರೆಯುತ್ತೇನೆ. ಅದರಲ್ಲಿ ಅರ್ಧ ನಾನು ದಿನಾ ಮಾಡುವ ಕೆಲಸವೇ, ಹೆಸರು ಮಾತ್ರ ಇಂಗ್ಲಿಷು.

ಎಲ್ಲಿ ಬರೆಯಲಿ ಹೇಳು. ಮನೆಯಲ್ಲೇ ಕ್ಯಾಮೆರಾ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಬರೆಯಬಹುದಂತೆ, ಕೇಂದ್ರಕ್ಕೆ ಬಂದೂ ಬರೆಯಬಹುದಂತೆ. ಅವ್ವನಂತೂ ತೀರ್ಮಾನ ಮಾಡಿಬಿಟ್ಟಿದ್ದಾಳೆ. ‘ಕಾವೇರಿ ಆಫೀಸಿಗೇ ಹೋಗು. ಇಂಜಿನಿಯರುಗಳಿಗೇ ಪರೀಕ್ಷೆ ಇಡಾಕಿ ಆಕಿ, ನಿನಗೊಂದು ಕುರ್ಚಿ ಕೊಡಂಗಿಲ್ಲೇನು?’ ಓಣಿಯಲ್ಲೂ ಹೇಳಿಕೊಂಡು ಬಂದಿದ್ದಾಳೆ. ನನಗೂ ನಿನ್ನ ಕ್ಯಾಬಿನ್ ನೋಡುವ ಆಸೆ ಇದೆ.

ಈರೇಶ

*

ಕೆ.ಆರ್. ಪುರ
ಭಾನುವಾರ, 26 ಜನವರಿ 2025

ಅಣ್ಣಾ,

ಹೋದ ವಾರ ಬರಿ ಚೀಲ ಕಳಿಸಿದೆ, ಬರೆಯಲು ಆಗಲಿಲ್ಲ.

ನೆಟ್‌ವರ್ಕಿನದನ್ನು ಆರಿಸಿಕೊಂಡದ್ದು ಸರಿ. ಸುಕನ್ಯ ಮೇಡಮ್ಮನ್ನೂ ಕೇಳಿದೆ. ‘ಆರು ವರ್ಷ ಲೈನಲ್ಲಿ ಕೆಲ್ಸ ಮಾಡಿದ್ದಾರಾ? ಮತ್ತಿನ್ನೇನು, ಕಣ್ಮುಚ್ಕೊಂಡು ಅದೇ ಬರೀಲಿ’ ಅಂದರು. ಅವರು ಸರ್ವಜ್ಞನಗರದವರು. ಬರುವಾಗ ಅಲ್ಲಿಯ ಬೇಕರಿಯಿಂದ ನನಗೂ ಒಂದು ಬನ್ನು ತರುತ್ತಾರೆ. ನಾನು ಅವರಿಗೆ ಅವ್ವನ ರೊಟ್ಟಿ ಕೊಡುತ್ತೇನೆ. ‘ಇದನ್ನ ತಿನ್ನೋಕೇ ಒಂದು ಸರ್ಟಿಫಿಕೇಟ್ ಬೇಕಮ್ಮಾ’ ಅನ್ನುತ್ತಾ ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ.

ಎಲ್ಲಿ ಬರೆಯುವುದು ಅಂತ ನೀನು ಕೇಳಿದ್ದೆ. ಎರಡೂ ಒಂದೇ. ಪ್ರಶ್ನೆಗಳು ಅವೇ, ಸಮಯ ಅಷ್ಟೇ, ಸರ್ಟಿಫಿಕೇಟಿನಲ್ಲಿ ಎಲ್ಲಿ ಬರೆದದ್ದು ಅಂತ ನಮೂದಿಸುವುದಿಲ್ಲ. ಇಲ್ಲಿಗೆ ಬರಬೇಕೆಂದರೆ ಎರಡು ರಾತ್ರಿ ಬಸ್ಸು, ಕೆಲಸಕ್ಕೆ ರಜೆ. ಇಲ್ಲಿ ಯಾವಾಗಲೂ ಗಡಿಬಿಡಿ, ನಿನ್ನ ಜೊತೆ ಎರಡು ಮಾತಾಡಲೂ ನನಗೆ ಬಿಡುವು ಸಿಗಲಿಕ್ಕಿಲ್ಲ. ಮನೆಯಲ್ಲಿ ಅವ್ವ ಇದ್ದಾಳೆ, ಅದು ಬೇಡ. ಪಂಚಾಯಿತಿ ಕಟ್ಟಡದಲ್ಲಿ ಇಂಟರ್ನೆಟ್ ಮೆಷಿನ್ ಇಟ್ಟಿರುವ ಕೋಣೆಗೆ ಶನಿವಾರ ಯಾರೂ ಬರುವುದಿಲ್ಲವಲ್ಲ, ಅಲ್ಲಿ ಕೂರು. ಮೇಜಿನ ಮೇಲೆ ಏನೂ ಇರಬಾರದು. ಕೋಣೆಯ ನಾಲ್ಕೂ ಕಡೆಯ ಫೋಟೋ ಕೇಳುತ್ತಾರೆ. ಬಾಗಿಲು ಹಾಕಿರಬೇಕು, ಮಧ್ಯೆ ಯಾರೂ ಒಳಗೆ ಬರಬಾರದು. ಇನ್ನೊಂದು ತುದಿಯಲ್ಲಿ ಒಬ್ಬರು ಪೂರ್ತಿ ಹೊತ್ತು ನಿನ್ನನ್ನು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೇಳಿಸಿಕೊಳ್ಳುತ್ತಿರುತ್ತಾರೆ.

ಉಳಿದದ್ದು ಮತ್ತೆ ಬರೆಯುತ್ತೇನೆ.

ಕಾವೇರಿ

*

ಲಿಂಗಸುಗೂರು
ಶನಿವಾರ, 8 ಫೆಬ್ರುವರಿ 2025

ಕಾವೇರಿ,

ಮಾರ್ಚ್ 1, ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಬುಕ್ ಮಾಡಿದೆ. ನೀನು ಹೇಳಿದ ಕೋಣೆಯೇ.

ನಿನ್ನ ಪತ್ರದ ಕೊನೆಯಲ್ಲಿ ಎರಡು ಸಾಲು ಹೊಡೆದುಹಾಕಿದ್ದೀಯಲ್ಲ, ಬೆಳಕಿಗೆ ಹಿಡಿದು ನೋಡಿದೆ. ‘ಅಣ್ಣಾ, ನೀನು’ ಅಂತ ಮಾತ್ರ ಕಂಡಿತು, ಉಳಿದದ್ದರ ಮೇಲೆ ಎಷ್ಟು ಗೀಚಿದ್ದೀ ಅಂದರೆ ಕಾಗದ ತೂತಾಗಿದೆ. ರೂಮಿನಲ್ಲಿ ಏನಾದರೂ ತೊಂದರೆಯೇ? ಊಟ ಸರಿಹೋಗುತ್ತಿಲ್ಲವೇ? ಅವ್ವನಿಗೆ ಕಾರಣ ಹೇಳದೆ ಶೇಂಗಾ ಚಟ್ನಿಪುಡಿ ಎರಡು ಪಟ್ಟು ಕಟ್ಟಿಸಿದ್ದೇನೆ. ಏನಿದ್ದರೂ ಬರೆ.

ಓದು ನಡೆದಿದೆ. ಬೆಳಿಗ್ಗೆ ಬೇಗ ಹೋಗಿ ಅದೇ ಕೋಣೆಯಲ್ಲಿ ಓದುತ್ತೇನೆ. ದೊಡ್ಡ ನೆಟ್‌ವರ್ಕನ್ನು ಸಣ್ಣ ಸಣ್ಣ ಭಾಗ ಮಾಡುವ ಲೆಕ್ಕವೇ ಮೊದಲು ತಲೆಗೆ ಹತ್ತಲಿಲ್ಲ. ಆಮೇಲೆ ನಮ್ಮ ನೀರು ಬಿಡುವ ಅಮರಪ್ಪನನ್ನು ನೋಡಿದೆ. ಟ್ಯಾಂಕ್ ಒಂದೇ. ಒಂದು ವಾಲ್ ತಿರುಗಿಸಿದರೆ ಒಂದು ಓಣಿ, ಇನ್ನೊಂದಕ್ಕೆ ಇನ್ನೊಂದು. ಆ ಓಣಿಯ ನೀರು ಈ ಓಣಿಗೆ ಬರುವುದಿಲ್ಲ. ಅಷ್ಟೇ ಅಲ್ಲವೇ! ಪುಸ್ತಕ ಬರೆದವನು ಅಮರಪ್ಪನನ್ನು ನೋಡಿದ್ದರೆ ಇಪ್ಪತ್ತು ಪುಟ ಉಳಿಯುತ್ತಿತ್ತು.

ಇಂಗ್ಲಿಷ್ ಪುಸ್ತಕ ನನಗೆ ಕಣ್ಣಿನಿಂದ ಓದಿದರೆ ಹೋಗುವುದಿಲ್ಲ, ಬಾಯಲ್ಲಿ ಬರಬೇಕು. ಗಂಟಲು ಒಣಗುವವರೆಗೆ ಓದುತ್ತೇನೆ. ನಿನ್ನೆ ಅಮರಪ್ಪ ಕಿಟಕಿಯಲ್ಲಿ ಇಣುಕಿ, ‘ಏನ್ ಸಾಹೇಬ್ರ, ಮುಂಜಾಮುಂಜಾನೆ ಯಾವ ದೇವರ ಪಾರಾಯಣ?’ ಅಂದ.

ಈರೇಶ

*

ಕೆ.ಆರ್. ಪುರ
ಭಾನುವಾರ, 16 ಫೆಬ್ರುವರಿ 2025

ಅಣ್ಣಾ,

ರೂಮು, ಊಟ ಎಲ್ಲ ಸರಿಯಿದೆ. ಹೊಡೆದುಹಾಕಿದ್ದು ಮುಖ್ಯವಾದದ್ದಲ್ಲ. ಚಟ್ನಿಪುಡಿ ಅರ್ಧ ಆಗಲೇ ಖಾಲಿ.

ಈ ವಾರ ನಡೆದ ಒಂದು ಸಂಗತಿ ಹೇಳುತ್ತೇನೆ. ಗುರುವಾರ ಶಿವಾಜಿನಗರದಿಂದ ರಿಮ್ಶಾ ಅಂತ ಒಬ್ಬಳು ಬಂದಿದ್ದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಅವಳದೂ ನೆಟ್‌ವರ್ಕ್ ಪರೀಕ್ಷೆಯೇ. ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಅವಳ ತುಟಿ ನಿಲ್ಲದೆ ಆಡುತ್ತಿತ್ತು. ಪ್ರಶ್ನೆಯನ್ನು ಬಾಯಲ್ಲೇ ಓದಿಕೊಳ್ಳುತ್ತಿದ್ದಳು. ನಾನು ಸುಕನ್ಯ ಮೇಡಮ್ಮನ ಕಡೆ ನೋಡಿದೆ. ಅವರು, ‘ದನಿ ಬರ್ತಿದ್ಯಾ? ಪಕ್ಕದವರಿಗೆ ತೊಂದ್ರೆ ಆಗ್ತಿದ್ಯಾ? ಇಲ್ವಲ್ಲ, ಬಿಡು. ಕೆಲವರಿಗೆ ಓದೋದೇ ಹಾಗೆ’ ಅಂದರು. ಅವಳು ಪಾಸಾದಳು. ಹೋಗುವಾಗ ಲಾಕರಿನಿಂದ ಚೀಲ ತೆಗೆದುಕೊಂಡು, ಒಂದು ಖರ್ಜೂರದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟಳು.

ಮನೆಯಲ್ಲಿ ಬರೆಯುವವರಿಗೆ ಕೆಲವು ವಿಷಯಗಳಲ್ಲಿ ಇದಕ್ಕಿಂತ ಸ್ವಲ್ಪ ಬಿಗಿ ಇರುತ್ತದೆ. ಅವರು ಕಳಿಸಿರುವ ಸೂಚನೆಗಳನ್ನು ಒಮ್ಮೆ ಪೂರ್ತಿ ಓದಿಕೋ.

ಕಾವೇರಿ

*

ಲಿಂಗಸುಗೂರು
ಶನಿವಾರ, 22 ಫೆಬ್ರುವರಿ 2025

ಕಾವೇರಿ,

ನೀನು ರಿಮ್ಶಾ ವಿಷಯ ಬರೆದದ್ದು ಒಳ್ಳೆಯದಾಯಿತು. ನಿಜ ಹೇಳಬೇಕೆಂದರೆ ಅದೊಂದು ಅಳುಕಿತ್ತು. ದೊಡ್ಡವರು ಹೀಗೆ ಬಾಯಲ್ಲಿ ಓದಿದರೆ ನೋಡುವವರು ಏನೆಂದುಕೊಳ್ಳುತ್ತಾರೋ ಅಂತ. ನಿಮ್ಮ ಬೆಂಗಳೂರಿನಲ್ಲೇ ಬಿಡುತ್ತಾರೆ ಅಂದಮೇಲೆ ಇಲ್ಲಿ ಖಾಲಿ ಕೋಣೆಯಲ್ಲಿ ಯಾರಿಗೆ ತೊಂದರೆ! ಸೂಚನೆಗಳನ್ನು ನೋಡಿದೆ. ಹದಿನಾಲ್ಕು ಪುಟ. ಮೇಜು, ಫೋಟೋ, ಗುರುತಿನ ಚೀಟಿ ಎಲ್ಲ ನೀನು ಹೇಳಿದ ಹಾಗೆಯೇ ಇದೆ. ಉಳಿದದ್ದನ್ನು ಬಿಟ್ಟು ಪುಸ್ತಕ ಓದುತ್ತಿದ್ದೇನೆ.

ಈರೇಶ

*

ಕೆ.ಆರ್. ಪುರ
ಭಾನುವಾರ, 9 ಮಾರ್ಚ್ 2025

ಅಣ್ಣಾ,

ಎರಡು ವಾರದಿಂದ ಚೀಲದಲ್ಲಿ ರೊಟ್ಟಿ ಮಾತ್ರ ಬರುತ್ತಿದೆ. ಇವತ್ತು ರೊಟ್ಟಿಗಳನ್ನು ಒಂದೊಂದೇ ತೆಗೆದು ನೋಡಿದೆ. ಫೋನಿನಲ್ಲಿ ಅವ್ವ, ‘ಚೆಂದ ಬರದಾನಂತ ಬಿಡು’ ಅಂದಳು. ನೀನು ಫೋನಿಗೆ ಬರಲಿಲ್ಲ.

ಹೇಗಾಯಿತು?

ಕಾವೇರಿ

*

ಲಿಂಗಸುಗೂರು
ಶನಿವಾರ, 15 ಮಾರ್ಚ್ 2025

ಕಾವೇರಿ,

ಕೆಲಸದ ಗಡಿಬಿಡಿಯಲ್ಲಿ ಬರೆಯಲಿಲ್ಲ. ಎರಡು ಪಂಚಾಯಿತಿಗಳಲ್ಲಿ ಹಂದಿಗಳು ಕೇಬಲ್ ಕಿತ್ತಿದ್ದವು.

ಪರೀಕ್ಷೆ ಚೆನ್ನಾಗಿಯೇ ಆಯಿತು. ರಿಸಲ್ಟ್ ಇನ್ನೂ ಬಂದಿಲ್ಲ. ತಿಂಗಳು ಹಿಡಿಯುತ್ತದಂತೆ. ನೀನು ನಿಮ್ಮ ಆಫೀಸಿನಲ್ಲಿ ಯಾರನ್ನೂ ವಿಚಾರಿಸಬೇಡ. ನಿಮ್ಮ ಮೇಡಮ್ಮಿಗೂ ನನ್ನ ಹೆಸರು ಹೇಳುವುದು ಬೇಡ. ಬಂದಾಗ ನಾನೇ ತಿಳಿಸುತ್ತೇನೆ. ಬಿಸಿಲು ಜೋರಾಗಿದೆ, ನೀರು ಕುಡಿಯುತ್ತಿರು.

ಈರೇಶ

*

ಕೆ.ಆರ್. ಪುರ
ಭಾನುವಾರ, 16 ಮಾರ್ಚ್ 2025

ಅಣ್ಣಾ,

ಈ ಪರೀಕ್ಷೆಗಳ ರಿಸಲ್ಟ್‌ಗೆ ತಿಂಗಳು ಬೇಕಾಗುವುದಿಲ್ಲ. ಅದೇ ದಿನ, ತಡವಾದರೆ ಒಂದೆರಡು ದಿನ. ನನಗೆ ಇದು ಗೊತ್ತಿರುತ್ತದೆ ಅನ್ನುವುದನ್ನೂ ಮರೆತು ನೀನು ಬರೆದಿದ್ದೀ. ಏನಾಗಿರಬಹುದು ಅಂತ ನನಗೆ ಅಂದಾಜಿದೆ. ಅದನ್ನು ನಿನ್ನ ಬಾಯಿಂದ ಕೇಳುವ ಮೊದಲು ನಾನು ಹೇಳಬೇಕಾದದ್ದು ಇದೆ.

ನನಗೆ ಕ್ಯಾಬಿನ್ ಇಲ್ಲ. ನಾನು ಪರೀಕ್ಷೆ ಇಡುವವಳೂ ಅಲ್ಲ. ಬಾಗಿಲಲ್ಲಿ ನಿಲ್ಲುವವಳು. ಬಂದವರಿಗೆ ಜೇಬು ಹೊರಗೆಳೆದು ತೋರಿಸಿ ಅನ್ನುತ್ತೇನೆ, ತೋಳು ಮಡಿಸಿ ಅನ್ನುತ್ತೇನೆ, ಕನ್ನಡಕ ತೆಗೆಸಿ ತಿರುಗಿಸಿ ನೋಡುತ್ತೇನೆ. ವಾಚು, ಪರ್ಸು, ಮೊಬೈಲು ಲಾಕರಿನಲ್ಲಿ ಇಡಿಸಿ ಕೀಲಿ ಕೊಡುತ್ತೇನೆ. ಮುಗಿದ ಮೇಲೆ ಬೋರ್ಡುಗಳನ್ನು ಒರೆಸುತ್ತೇನೆ. ಸುಕನ್ಯ ಮೇಡಂ ಊಟಕ್ಕೆ ಹೋದಾಗ ಗಾಜಿನ ಕೋಣೆಯಲ್ಲಿ ಕೂತು ಪರದೆ ಕಾಯುತ್ತೇನೆ. ಕೆಲಸ ಸಿಕ್ಕ ದಿನ ಅವ್ವ ಏನು ಕೆಲಸ ಅಂತ ಕೇಳಿದಳು. ‘ಪರೀಕ್ಷಾ ವಿಭಾಗ’ ಅಂದೆ. ಅವಳು ಅದನ್ನು ದೊಡ್ಡದು ಮಾಡಿಕೊಂಡಳು, ನಾನು ತಿದ್ದಲಿಲ್ಲ. ಎಂ.ಎ. ಓದಿ ಇದನ್ನು ಮಾಡುತ್ತೇನೆ ಅಂತ ಹೇಳಲು ಬಾಯಿ ಬರಲಿಲ್ಲ.

ಎರಡೂ ಒಂದೇ ಅಂತ ಬರೆದೆನಲ್ಲ, ಅದು ಸುಳ್ಳು. ಕೇಂದ್ರದಲ್ಲಿ ತುಟಿ ಆಡಿಸಿ ಓದಿದರೆ, ದನಿ ಬರದಿದ್ದರೆ, ನಡೆಯುತ್ತದೆ. ಮನೆಯಲ್ಲಿ ನಡೆಯುವುದಿಲ್ಲ. ಪಕ್ಕದಲ್ಲಿ ಯಾರಿಗೋ ಪ್ರಶ್ನೆ ಹೇಳುತ್ತಿದ್ದೀ ಅಂದುಕೊಳ್ಳುತ್ತಾರೆ. ನನಗೆ ಅದು ಚೆನ್ನಾಗಿ ಗೊತ್ತು. ಕರಪತ್ರದ ಚುಕ್ಕೆಗಳನ್ನು ನೋಡಿದ ಬೆಳಿಗ್ಗೆಯೇ ನೆನಪಾಗಿತ್ತು. ನಿನ್ನನ್ನು ಇಲ್ಲಿಗೆ ಕರೆಸಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಆದರೆ ನೀನು ಬಂದರೆ ನಾನು ಬಾಗಿಲಲ್ಲಿ ನಿಂತದ್ದನ್ನು ನೋಡುತ್ತೀ. ಅದಕ್ಕೆ ಮನೆಯಲ್ಲೇ ಬರೆ ಅಂದೆ.

ಆ ಎರಡು ಸಾಲು ಇದೇ: ‘ಅಣ್ಣಾ, ನೀನು ಬಾಯಲ್ಲಿ ಓದುತ್ತೀ. ಮನೆಯಲ್ಲಿ ಬರೆಯುವಾಗ ಹಾಗೆ ಓದಿದರೆ ಪರೀಕ್ಷೆ ನಿಲ್ಲಿಸುತ್ತಾರೆ.’ ನನಗೆ ಓದು ಕಲಿಸಿದವನಿಗೆ ನಿನ್ನ ಓದು ಸರಿಯಿಲ್ಲ ಅಂದಂತಾಗುತ್ತದೆ ಅನ್ನಿಸಿ ಹೊಡೆದೆ. ರಿಮ್ಶಾಳ ಕಥೆಯನ್ನು ಅದಕ್ಕೇ ಶುರುಮಾಡಿದ್ದು. ಹೇಳಬೇಕಾದ ಕಡೆ ಬಂದಾಗ ‘ಸ್ವಲ್ಪ ಬಿಗಿ’ ಅಂತ ಬರೆದು ಮುಗಿಸಿದೆ. ನಿನಗೆ ಅದರಿಂದ ಧೈರ್ಯ ಬಂತು ಅಂತ ಓದಿದ ದಿನವೇ ಫೋನ್ ಮಾಡಿದ್ದೆ, ನೆನಪಿದೆಯಾ? ಅವ್ವ ಸ್ಪೀಕರ್ ಹಾಕಿದ್ದಳು. ‘ಚೆನ್ನಾಗಿ ಬರಿ’ ಅಂದು ಇಟ್ಟೆ. ಮೆಸೇಜು ಮೂರು ಸಲ ಟೈಪ್ ಮಾಡಿ ಅಳಿಸಿದೆ.

ಈಗ ನೀನು ಹೇಳು.

ಕಾವೇರಿ

*

ಲಿಂಗಸುಗೂರು
ಶನಿವಾರ, 22 ಮಾರ್ಚ್ 2025

ಕಾವೇರಿ,

ನಲವತ್ತನೇ ನಿಮಿಷಕ್ಕೆ ನಿಲ್ಲಿಸಿದರು.

ಮೊದಲು ಪರದೆಯ ಮೇಲೆ ಒಂದು ಸಾಲು ಬಂತು, ಗಟ್ಟಿಯಾಗಿ ಓದಬೇಡಿ ಅಂತ. ದನಿ ನಿಲ್ಲಿಸಿದೆ. ತುಟಿ ನಿಲ್ಲಲಿಲ್ಲ. ಎರಡನೇ ಸಲ ಬಂತು. ಆಗ ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಕಟ್ಟಿಕೊಂಡೆ. ಮುಖ ಮುಚ್ಚುವಂತಿಲ್ಲ, ತೆಗೆಯಿರಿ ಅಂದರು. ತೆಗೆದೆ. ತುಟಿ ಕಚ್ಚಿಕೊಂಡು ಕೂತರೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಷರ ಕಾಣುತ್ತದೆ, ಮಾತು ಬರುವುದಿಲ್ಲ. ಗೊತ್ತಿರುವ ಪ್ರಶ್ನೆ, ದಿನಾ ಮಾಡುವ ಕೆಲಸ. ಒಂದೇ ಒಂದು ಸಲ ಓದಿಬಿಡುತ್ತೇನೆ ಅಂತ ಬಾಯಿ ತೆಗೆದೆ. ಪರದೆ ಬೆಳ್ಳಗಾಯಿತು. ಅವರು ಆಮೇಲೆ ಕಳಿಸಿದ ಇ-ಮೇಲಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಹೊರಗೆ ಬಂದಾಗ ಅಮರಪ್ಪ, ‘ಇಷ್ಟ್ ಲಗೂ ಮುಗೀತ್ರಿ? ಶ್ಯಾಣ್ಯಾ ಬಿಡ್ರಿ ನೀವು’ ಅಂದ.

ನಿನಗೆ ಹೇಳದಿದ್ದದ್ದು, ನಿನ್ನ ಆಫೀಸಿನವರಿಗೆ ಗೊತ್ತಾಗಿ ಪರೀಕ್ಷೆ ಇಡುವವಳ ಅಣ್ಣನನ್ನೇ ಎಬ್ಬಿಸಿ ಕಳಿಸಿದರು ಅನ್ನಬಾರದು ಅಂತ. ನೋಡು, ಎಂಥ ಯೋಚನೆ ಮಾಡಿದ್ದೆ.

ಜೇಬು ನೋಡುವುದರಲ್ಲಿ ಏನು ಕಡಿಮೆ ಕಂಡಿತು ನಿನಗೆ? ನಾನು ಕಂಬ ಹತ್ತುತ್ತೇನೆ, ಹಂದಿ ಓಡಿಸುತ್ತೇನೆ. ನಿನ್ನಿಂದ ಯಾವತ್ತಾದರೂ ಮುಚ್ಚಿಟ್ಟಿದ್ದೇನಾ? ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಒಂದು ಸಾಲು, ಕಾವೇರಿ. ಬರೆದದ್ದನ್ನೇ ಹೊಡೆದೆಯಲ್ಲ. ಮೂರು ದಿನ ಸಿಟ್ಟಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಸುಳ್ಳು ಹೇಳಬಾರದು ಅಂತ ಬರೆಯುತ್ತಿದ್ದೇನೆ.

ಸೋಮವಾರ ಕಂಪನಿಯವನಿಗೆ ಬರೆದುಕೊಡಬೇಕು, 31ರೊಳಗೆ ಸರ್ಟಿಫಿಕೇಟ್ ತರುತ್ತೇನೋ ಇಲ್ಲವೋ ಅಂತ. ಇಲ್ಲ ಅಂತಲೇ ಕೊಡುತ್ತೇನೆ. ಗ್ಯಾಂಗಿನ ಕೆಲಸವೂ ಕೆಲಸವೇ. ಆರು ವರ್ಷ ನಾನು ಹೇಳಿದ ಕಡೆ ಗುಂಡಿ ತೋಡಿದವರ ಜೊತೆ ನಿಂತು ತೋಡುವುದು, ಅಷ್ಟೇ. ಅವ್ವನಿಗೆ ಇನ್ನೂ ಹೇಳಿಲ್ಲ. ನಿನ್ನ ಕೆಲಸದ ವಿಷಯವನ್ನೂ ಹೇಳಿಲ್ಲ. ಅದು ನೀನೇ ಹೇಳಬೇಕಾದದ್ದು.

ಈರೇಶ

*

ಕೆ.ಆರ್. ಪುರ
ಭಾನುವಾರ, 23 ಮಾರ್ಚ್ 2025

ಅಣ್ಣಾ,

ಬೆಳಿಗ್ಗೆ ಫೋನಿನಲ್ಲಿ, ‘ನಾಳೆ ಬರೆದುಕೊಡಬೇಡ, ಬೆಂಗಳೂರಿಗೆ ಬಂದು ಮತ್ತೆ ಪರೀಕ್ಷೆ ಬರಿ’ ಅಂತ ನಾನು ಕೂಗಿದ್ದನ್ನು ಓಣಿಯೆಲ್ಲ ಕೇಳಿರಬೇಕು. ಕೇಳಲಿ. ಮೆಜೆಸ್ಟಿಕ್ಕಿನಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ನಿನ್ನ ಪತ್ರ ಓದಿದ್ದೆ. ಖಾದರ್ ಅಣ್ಣ, ‘ಯಾಕ ತಂಗಿ, ಊರಾಗ ಎಲ್ಲಾರೂ ಆರಾಮಲ?’ ಅಂತ ಕೇಳಿದ. ಶುಕ್ರವಾರ ನಿನಗೆ ಒಂದು ಸೀಟು ಇಡು ಅಂತ ಅವನಿಗೆ ಹೇಳಿದ್ದೇನೆ.

ಸುಕನ್ಯ ಮೇಡಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನೀನು ಇಟ್ಟಿದ್ದ ಇ-ಮೇಲಿನ ಫೋಟೋ ಕಳಿಸಿದೆ. ಅದರಲ್ಲಿ ಮೋಸ ಅಂತ ಬರೆದಿಲ್ಲ, ನಿಯಮ ಪಾಲಿಸದ್ದಕ್ಕೆ ನಿಲ್ಲಿಸಿದ್ದೇವೆ ಅಂತ ಮಾತ್ರ ಇದೆ, ಮತ್ತೆ ಬರೆಯಲು ಅಡ್ಡಿಯಿಲ್ಲ ಅಂದರು. 29, ಶನಿವಾರ, ಬೆಳಿಗ್ಗೆ ಹತ್ತೂವರೆಗೆ ಒಂದು ಜಾಗ ಖಾಲಿ ಇದೆ. ಈ ಪತ್ರ ಕೈಗೆ ಬಂದ ಕೂಡಲೇ ಬುಕ್ ಮಾಡು. ಈ ಸಲದ ಫೀಸು ನನ್ನದು, ಅದರ ಬಗ್ಗೆ ಮಾತು ಬೇಡ. ರಿಸಲ್ಟ್ 31ರ ಹೊತ್ತಿಗೆ ಬಂದಿರುತ್ತದೆ.

ಈ ಐದು ದಿನ ಹೊಸದೇನೂ ಓದಬೇಡ. ಗೊತ್ತಿರುವ ಪ್ರಶ್ನೆಗಳನ್ನೇ ದನಿ ಬಿಟ್ಟು ಓದು. ತುಟಿ ಆಡಲಿ. ಅಂಗೈಯನ್ನು ಗಂಟಲ ಮೇಲೆ ಇಟ್ಟುಕೋ, ಅದು ನಡುಗಿದರೆ ದನಿ ಬರುತ್ತಿದೆ ಅಂತ. ಬೆಳಿಗ್ಗೆ ಅಮರಪ್ಪನನ್ನು ಕಿಟಕಿಯ ಹೊರಗೆ ನಿಲ್ಲಿಸು. ಅವನಿಗೆ ಪಾರಾಯಣ ಕೇಳಿಸದಿದ್ದರೆ ಇಲ್ಲಿಯೂ ಯಾರಿಗೂ ಕೇಳಿಸುವುದಿಲ್ಲ.

ಮೆಜೆಸ್ಟಿಕ್ಕಿನಿಂದ ನೇರಳೆ ಬಣ್ಣದ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿ. ಹಲಸೂರು ದಾಟಿದ ಮೇಲಿನ ನಿಲ್ದಾಣ. ಗುರುತಿನ ಚೀಟಿ ಎರಡು ತಾ. ಎರಡನೇ ಮಹಡಿಗೆ ಬಾ. ಒಳಗೆ ಹೋಗುವ ಮುಂಚೆ ನೀರು ಕುಡಿದಿರು, ಗಂಟಲು ಒಣಗಿದರೆ ದನಿ ತಾನಾಗಿ ಬರುತ್ತದೆ.

ನಮ್ಮಲ್ಲಿ ಒಂದು ನಿಯಮವಿದೆ. ಸಂಬಂಧಿಕರು ಪರೀಕ್ಷೆ ಬರೆಯುವುದಿದ್ದರೆ ಮೊದಲೇ ತಿಳಿಸಬೇಕು, ಅವರ ಪರದೆಯನ್ನು ನಾವು ಕಾಯುವಂತಿಲ್ಲ. ನಾಳೆ ಅದನ್ನು ಬರೆದು ಸಹಿ ಹಾಕುತ್ತೇನೆ. ಆ ದಿನ ಗುರುತಿನ ಚೀಟಿ ನೋಡುವುದು, ಗಾಜಿನ ಕೋಣೆಯಲ್ಲಿ ಕೂರುವುದು ಎಲ್ಲ ಸುಕನ್ಯ ಮೇಡಂ. ಜೇಬು, ಲಾಕರು, ಬೋರ್ಡು ಮಾತ್ರ ನನ್ನದು, ಅದೂ ಅವರ ಕಣ್ಣೆದುರಿಗೆ. ಬೋರ್ಡಿನ ಮೇಲೆ ಎಷ್ಟು ಚುಕ್ಕೆ ಬೇಕಾದರೂ ಇಟ್ಟುಕೋ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಬಾಗಿಲಲ್ಲಿ ನಾನು ‘ಸರ್, ಜೇಬು ಹೊರಗೆಳೆದು ತೋರಿಸಿ’ ಅನ್ನುತ್ತೇನೆ. ಎಲ್ಲರಿಗೂ ಹಾಗೇ ಅನ್ನುವುದು. ನೀನು ನಗಬಾರದು, ಕಾವಿ ಅಂತ ಕರೆಯಬಾರದು. ಸಿಟ್ಟು ಇನ್ನೂ ಉಳಿದಿದ್ದರೆ ಅದನ್ನು ಲಾಕರಿನಲ್ಲಿ ಇಡು, ಹೋಗುವಾಗ ವಾಪಸ್ ಕೊಡುತ್ತೇನೆ.

ಪಾಸಾದರೂ ಆಗದಿದ್ದರೂ ಅಂದು ರಾತ್ರಿ ಇಬ್ಬರೂ ಖಾದರ್ ಅಣ್ಣನ ಬಸ್ಸಿಗೆ ಹೋಗೋಣ. ಮರುದಿನ ಯುಗಾದಿ. ನಾನು ಮಾಡುವ ಕೆಲಸ ಏನು ಅಂತ ಅವ್ವನಿಗೆ ಮನೆಯಲ್ಲಿ ಕೂತು ಹೇಳುತ್ತೇನೆ.

ಸುಕನ್ಯ ಮೇಡಂ ಕೊನೆಗೆ ಹೇಳಿದರು, ‘ನಿಂಗೆ ಮುಜುಗರ ಆಗೋ ಹಾಗಿದ್ರೆ ಶನಿವಾರ ಬರ್ಬೇಡಮ್ಮ. ಬಾಗಿಲಿಗೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ. ಅಣ್ಣನಿಗೆ ನೀನಿಲ್ಲಿ ಏನು ಮಾಡ್ತೀಯ ಅಂತ ನೋಡೋ ಅಗತ್ಯ ಇಲ್ಲ.’

ನಾನು ರಜೆ ಹಾಕಿಲ್ಲ.

ಕಾವೇರಿ